ಒಂದು ಮೆಟ್ಟಿಲು ಮೇಲೆ

ಡುಲೂತ್‌ನಲ್ಲಿ ಏಪ್ರಿಲ್ ಎಂದರೆ ಇನ್ನೂ ಮಂಜುಗಡ್ಡೆ.
ಅದಿರಿನ ಹಡಗೊಂದು ಸೇತುವೆಯಡಿ ಊಳಿಟ್ಟಾಗ
ನಮ್ಮ ನೆಲಮಾಳಿಗೆಯ ಬಲ್ಬು ಸಣ್ಣಗೆ ನಡುಗುತ್ತದೆ,
ಮೇಜಿನ ಮೇಲಿನ ಸೀಸದ ಯೋಧರು ಕೂದಲೆಳೆಯಷ್ಟು ಜರುಗುತ್ತಾರೆ.
ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗುರುವಾರ. ಮುಚ್ಚಿಹೋದ ಚಪ್ಪಲಿ ರಿಪೇರಿ ಅಂಗಡಿಯ ಕೆಳಗೆ
ಇಪ್ಪತ್ತೆರಡು ವರ್ಷದಿಂದ ಗುರುವಾರ.
ಐನೊ, ಕರ್ಟಿಸ್, ಮಾರ್ಲಿಸ್, ಪರದೆಯ ಹಿಂದೆ ನಾನು,
ಡ್ರ್ಯಾಗನ್ನಿಗೂ ಹೆಂಡದಂಗಡಿಯವಳಿಗೂ ಒಂದೇ ಗಂಟಲು ಕೊಡುವವನು.

ಹಳೆಯ ಪುಸ್ತಕದಲ್ಲಿ ಮಂತ್ರವನ್ನು ತಿದ್ದಬಹುದಿತ್ತು.
ಬೆಂಕಿಯನ್ನು ಹಿಗ್ಗಿಸು: ಮೂರು ಮೆಟ್ಟಿಲು.
ಹೊತ್ತನ್ನು ಲಂಬಿಸು: ಒಂದು.
ಎವೆ ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಸು: ನಾಲ್ಕು.
ತುಟಿ ಬಿಚ್ಚದೆ ಹಾಕು: ಒಂದು.
ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ,
ಎರಡರ ನಡುವಿನ ದರ
ನೂರಾ ಮೂರನೇ ಪುಟದಲ್ಲಿ ಅಚ್ಚಾಗಿತ್ತು.

ಮಾರ್ಲಿಸ್ ಆ ಬಂಗಾರ ಕೊಂಡವಳೇ ಅಲ್ಲ.
ಅವಳು ಮಂತ್ರ ಹೇಳುವುದೆಂದರೆ
ಅಜ್ಜಿಯ ನಾರ್ವೆ ಬೈಗುಳ, ದಿನಸಿ ಪಟ್ಟಿ,
ಅದಿರು ಕಟ್ಟೆಯಲ್ಲಿ ಮೂವತ್ತು ವರ್ಷ ಕೂಗಿದ ಹಡಗುಗಳ ಹೆಸರು,
ಎಲ್ಲ ಕಲಸಿ, ಮೇಜು ಗುದ್ದಿ, ಕಾಫಿ ಚೆಲ್ಲಿ.
ಮೇಲಿನ ಬಾಡಿಗೆಯವರು ಎರಡು ಸಲ ಪೊಲೀಸರನ್ನು ಕರೆಸಿದ್ದಾರೆ.

ಮಾರ್ಚಿಯಲ್ಲಿ ಅವಳ ಧ್ವನಿಪೆಟ್ಟಿಗೆ ತೆಗೆದರು.

ಅದೇ ತಿಂಗಳು ಹೊಸ ಆವೃತ್ತಿ ಬಂತು.
ಕರ್ಟಿಸ್ ತಂದ, ಪ್ಲಾಸ್ಟಿಕ್ ಹೊದಿಕೆ ಹರಿದ, ಮೂಸಿದ.
ಸಂಧಿಯಲ್ಲಿ ಅಕ್ಷರಗಳಿಗೆ ಆಗುವುದೇ ಇಲ್ಲೂ:
ಒಂದಿಷ್ಟು ಲೋಪ, ಒಂದಿಷ್ಟು ಆಗಮ,
ಉಳಿದದ್ದು ಆದೇಶ.
ಇದ್ದವನ ಜಾಗಕ್ಕೆ ಇನ್ನೊಬ್ಬ ಬಂದು
ಹುಟ್ಟಿದಾಗಿನಿಂದ ಅಲ್ಲೇ ಇದ್ದವನ ಹಾಗೆ ಕಾಲು ಚಾಚುವುದು.
ಮೆಟ್ಟಿಲುಗಳಿಲ್ಲ, ಬದಲಿಗೆ ಅಂಕಗಳು.
ಮತ್ತೆ ಮೌನ?
ರಕ್ತದಲ್ಲೇ ಮಾಯೆ ಹೊತ್ತು ಹುಟ್ಟಿದವರಿಗೆ ಮಾತ್ರ.
ಓದಿ ಕಲಿತ ಮಾಟಗಾತಿಗೆ ಇಲ್ಲ.

"ನಿಯಮ ಅಂದ್ರೆ ನಿಯಮ," ಅಂದ ಕರ್ಟಿಸ್,
ಅಂದು, ನಾಲಿಗೆ ಕಚ್ಚಿಕೊಂಡ.

ಏಪ್ರಿಲ್ ಎರಡನೇ ಗುರುವಾರ ಬಂದಳು.
ಕೊರಳಿಗೆ ನೀಲಿ ವಸ್ತ್ರ, ಕಂಕುಳಲ್ಲಿ ಮಕ್ಕಳ ಬಿಳಿ ಹಲಗೆ.
ಸೇತುವೆ ಮೇಲೆ ನನ್ನ ಹನ್ನೊಂದು ರಾಕ್ಷಸರು.
ಅವಳ ಸರದಿ.
"ಅದನ್ನೆಲ್ಲ ಬಿಡು ಮಾರ್ಲಿಸ್, ಸುಮ್ಮನೆ ಹಾಕು," ಅಂದೆ,
"ಮಂತ್ರ ಹೇಳಿದೆ ಅಂದುಕೊಳ್ಳೋಣ."
ಐನೊ ತಲೆಯಾಡಿಸಿದ. ಕರ್ಟಿಸ್ ಇನ್ನೂ ಜೋರಾಗಿ.

ಅವಳು ಹಲಗೆಯ ಮೇಲೆ ಕಿರ್ರನೆ ಬರೆದಳು:
ಬಿಟ್ಟಿ ಬೇಡ.
ಒರೆಸಿ, ಮತ್ತೆ:
ಹಳೇ ದರ. ಒಂದು ಮೆಟ್ಟಿಲು.

ಕಪಾಟಿನಿಂದ ಐನೊ ಹಳೆಯ ಪುಸ್ತಕ ಇಳಿಸಿದ,
ಬೆನ್ನು ಬಿಟ್ಟು ಟೇಪಿನಲ್ಲಿ ಜೀವ ಹಿಡಿದದ್ದು.
ಆ ಸಾಲನ್ನು ನಾನು ಹೊಸತರ ನುಣ್ಣನೆ ಅಂಚಿಗೆ
ಪೆನ್ಸಿಲಿನಲ್ಲಿ ಇಳಿಸುವಷ್ಟು ಹೊತ್ತೂ
ಕರ್ಟಿಸ್ ತನ್ನ ಅರವತ್ತು ಡಾಲರಿನ ಪುಟವನ್ನು
ಮಡಚಿಕೊಳ್ಳದಂತೆ ಒತ್ತಿ ಹಿಡಿದಿದ್ದ.

ರಾಕ್ಷಸರ ಕವಚ ಸೀಳಲು ಹದಿನೈದು ಬೀಳಬೇಕು.
ದಾಳ ಉರುಳಿತು, ಹೀಟರಿನ ಕೆಳಗೆ ಹೋಯಿತು.
ಐನೊ ಮಂಡಿಯೂರಿ ಟಾರ್ಚು ಬಿಟ್ಟ,
ಬಹಳ ಹೊತ್ತು ಏಳಲಿಲ್ಲ.
"ಸುಳ್ಳು ಹೇಳಲಾ?" ಅಂದ.

ಮೂರು.

ಬೆಂಕಿ ಅವರ ಮೈಮೇಲೆ ಹಾಗೇ ಜಾರಿ ಹೊಳೆಗೆ ಬಿತ್ತು.
ಮಾರ್ಲಿಸ್ ನಕ್ಕಳು, ಬರೀ ಭುಜಗಳಲ್ಲಿ.
ಕಾಫಿ ಮಾತ್ರ ಮೊದಲಿನ ಹಾಗೇ ಚೆಲ್ಲಿತು.

ಆಮೇಲೆ ರಬ್ಬರು ತಗೊಂಡು ತನ್ನ ಹಾಳೆಯಲ್ಲಿ
ಖರ್ಚಾದ ನಾಲ್ಕನೇ ಮೆಟ್ಟಿಲ ಚೌಕ ಉಜ್ಜಿದಳು.
ಇಪ್ಪತ್ತೆರಡು ವರ್ಷ ಅಲ್ಲೇ ಬರೆದು ಅಲ್ಲೇ ಅಳಿಸಿ
ಕಾಗದ ಅಲ್ಲಿ ಈರುಳ್ಳಿ ಸಿಪ್ಪೆ.
ಈ ಸಲ ತೂತಾಯಿತು.
ಒಳಗೆ ಮೇಜಿನ ಮರ ಕಂಡಿತು.
ಅವಳು ಪೆನ್ಸಿಲ್ ತಿರುಗಿಸಿ
ಮರದ ಮೇಲೇ ಒಂದು ಗೀಟು ಎಳೆದಳು,

ಕರ್ಟಿಸ್‌ನ ಕಡೆಗೆ ಗದ್ದ ಎತ್ತಿದಳು: ನಿನ್ನ ಸರದಿ.