ಕಡೆದದ್ದು

ಗಿರಗಾಂವಿನ ಚಾಳೊಂದು ಬಿದ್ದ ವಾರ
ದಾರುಖಾನೆಯ ಹಳೆಮರದ ಅಡ್ಡೆಯಲ್ಲಿ
ಅದರ ಮೆಟ್ಟಿಲಿನ ಮೊದಲ ಕಂಬ, ಕಿಲೋ ಲೆಕ್ಕಕ್ಕೆ.
ಮೇಲೆ ಹಸಿರು, ಕೆಳಗೆ ನೀಲಿ, ಇನ್ನೂ ಕೆಳಗೆ
ಯಾರದೋ ಮದುವೆಗೆ ಬಳಿದ ಗುಲಾಬಿ.
ನೆತ್ತಿಯಲ್ಲಿ ಮಾತ್ರ ಯಾವ ಬಣ್ಣವೂ ನಿಂತಿರಲಿಲ್ಲ:
ಇಳಿಯುವವರೆಲ್ಲ ತಿರುವಿನಲ್ಲಿ ಅಂಗೈ ಊರಿದ ಜಾಗ.

ಲತೀಫ್ ಖರಾದಿ ಉಗುರಲ್ಲಿ ಕೆರೆದ, ಮೂಸಿದ.
'ಬೀಟೆ. ಅದೂ ಕವಲಿನ ಬುಡ.
ಚೌಕಾಸಿ ಬೇಡ ಬಾಯಿ, ಎತ್ತಿಕೊಳ್ಳಿ.'

ಬಾಯಿ ಅನ್ನುತ್ತಾನೆ ನನ್ನನ್ನು.
ಮೂವತ್ತೊಂದು ವರ್ಷ ಪ್ರಭಾದೇವಿಯ ಎಕ್ಸ್‌ಚೇಂಜಿನಲ್ಲಿ
ದುಡಿದು ತಂದು ಹಾಕಿದ್ದು ಕಿವಿ.
ನಿವೃತ್ತಿಯಾದ ಮೇಲೆ ಸುಮ್ಮನಿರಲಾರದೆ
ಮಂಚದ ಕಾಲು, ಲಟ್ಟಣಿಗೆ ಕಡೆಯುವವನ ಶೆಡ್ಡಿಗೆ
ರೇ ರೋಡ್ ಸೇತುವೆ ಇಳಿದು ಬರುತ್ತೇನೆ,
ಮಂಗಳವಾರ, ಶುಕ್ರವಾರ.

ನಮ್ಮ ಮಾತಿನಲ್ಲಿ ಮೊಸರನ್ನೂ ಕಡೆಯುತ್ತಾರೆ,
ಕಂಬವನ್ನೂ ಕಡೆಯುತ್ತಾರೆ, ಎಂದು ಒಮ್ಮೆ ಹೇಳಿದೆ.
'ಬೆಣ್ಣೆ ಬಂದರೆ ಕರೀರಿ' ಅಂದ.

ಚರಕಿಗೆ ಏರಿಸಿದಾಗ ಮೊದಲು ಹಾರಿದ್ದು ಬಣ್ಣ,
ಕೂದಲಿಗೆ ಹಸಿರು, ಕನ್ನಡಕಕ್ಕೆ ನೀಲಿ.
ಆಮೇಲೆ ಮರ.
ಕೊಂಬೆಯೂ ಕಾಂಡವೂ ಬೇರಾಗುವಲ್ಲಿ
ಭಾರ ಹೊತ್ತು ಹೊತ್ತು ಎಳೆ ಮಡಿಚಿಕೊಂಡಿತ್ತು.
ಬಿಚ್ಚಿದರೆ ನೆರಿಗೆ: ಜೇನು, ಮಸಿ, ಮತ್ತೆ ಜೇನು.
ಬಲ್ಬು ಅಲ್ಲಾಡಿದರೆ ನೆರಿಗೆಯೂ ಅಲ್ಲಾಡಿತು.
ಇದರ ಮೇಲೆ ಎಣ್ಣೆಬಣ್ಣ ಬಳಿದರಲ್ಲ ಇಷ್ಟು ವರ್ಷ!
ಗೊತ್ತಿಲ್ಲದೆ ಬಳಿದರೋ,
ಬಾಡಿಗೆಯವರಿಗೆ ಇಷ್ಟು ಚೆಂದ ಯಾಕೆ ಅಂತಲೋ.

ಹೊರಗಿನದು ಕಣ್ಣಿನ ಕೆಲಸ.
ಬಾಯಿ ಹೆಬ್ಬೆರಳಿನಷ್ಟೇ ಬಿಟ್ಟಿದ್ದೆ.
ಕೊಕ್ಕೆಯುಳಿ ಅದರೊಳಗೆ ಹೋಯಿತೆಂದರೆ
ಮುಂದಿನದೆಲ್ಲ ಕುರುಡು.
ಗೋಡೆ ದಪ್ಪವಿದ್ದಾಗ ಗೊರಗೊರ,
ತೆಳುವಾದಂತೆ ಏರುವ ಸ್ವರ.
ಟ್ರಂಕ್ ಕಾಲು ಸೊಲ್ಲಾಪುರ ದಾಟಿ ವಿಜಾಪುರ ಮುಟ್ಟುವಾಗ
ದನಿ ತೆಳ್ಳಗಾಗುತ್ತಿತ್ತಲ್ಲ, ಹಾಗೆ.
ಹೊಟ್ಟು ತುಂಬಿದರೆ ನಿಲ್ಲಿಸು, ಬೋರಲು ಹಾಕಿ ತಟ್ಟು,
ಮತ್ತೆ ಹಚ್ಚು.

ಮೂರನೆಯ ವಾರ, ಭುಜದ ಹತ್ತಿರ, ಟಣ್ ಅಂತು.
ಉಳಿಯ ತುದಿ ಮುರಿದು ತಗಡಿನ ಸೂರಿಗೆ ಬಡಿಯಿತು.
ಲತೀಫ್ ಮೋಟಾರು ಆರಿಸಿದ, ನನ್ನ ಕೈ ನೋಡಿದ,
ಆಮೇಲೆ ಬೈದ.
ಮೊಳೆ. ಚೌಕದ್ದು, ಹಳೆಯ ಕಾಲದ್ದು;
ಸುತ್ತಲ ಮರಕ್ಕೆಲ್ಲ ಕಬ್ಬಿಣದ ನೀಲಿ ಇಳಿದಿತ್ತು.
ತೋರಣಕ್ಕೆ ಹೊಡೆದದ್ದೋ, ಹಾಲಿನ ಚೀಲಕ್ಕೋ,
ಮೂರನೇ ಪಾಳಿಯವನ ಛತ್ರಿಗೋ.
ಕಿತ್ತರೆ ತೂತು, ಈ ಕಡೆಯಿಂದ ಆ ಕಡೆಗೆ.

'ಅರಗು ತುಂಬೋಣ' ಅಂದೆ.
'ನೀರು ಹಾಕೋದಿದೆಯಾ?'
'ಇಲ್ಲ.'
'ಕಾಳು? ಉಪ್ಪಿನಕಾಯಿ?'
'ಕೈಯೇ ಹೋಗೋದಿಲ್ಲವಲ್ಲ ಅದರೊಳಗೆ.'
'ಮತ್ತೆ ಸೋರುವುದೇನು, ಬಾಯಿ?'
ಬೀಡಿ ಹಚ್ಚಲು ಹೊರಗೆ ಹೋದ.

ಅದರದೇ ಹೊಟ್ಟನ್ನು ಹಿಡಿ ತುಂಬ ತೆಗೆದು
ತಿರುಗುತ್ತಿದ್ದ ಮೈಗೆ ಒತ್ತಿ ಹಿಡಿದೆ.
ಹೊಳಪು ಬಂತು. ಅಂಗೈ ಬಿಸಿಯಾಯಿತು.
ಆಗ ನೆನಪಾಯಿತು ಕಂಬದ ಆ ನೆತ್ತಿ,
ಅಷ್ಟು ಜನರ ಅಂಗೈ ಸವೆಸಿದ್ದು:
ಮೊದಲ ದಿನವೇ ಕೊಯ್ದು ಎಸೆದಿದ್ದೆ,
ಅಳತೆಗೆ ಹೆಚ್ಚಾಗಿತ್ತು.
ಮೂಲೆಯ ಗುಡ್ಡೆಯನ್ನು ಕಾಲಲ್ಲಿ ಕೆದಕಿದೆ. ಇರಲಿಲ್ಲ.
ಚಹಾದ ಹುಡುಗ ಒಲೆಗೆ ಒಯ್ದಿರಬೇಕು.

ಹಾರ್ಬರ್ ಲೈನಿನ ಹೆಂಗಸರ ಡಬ್ಬಿ.
ತೊಡೆಯ ಮೇಲೆ ಟವೆಲ್ಲು, ಟವೆಲ್ಲಿನಲ್ಲಿ ಪಾತ್ರೆ.
ಮೀನಿನ ಬುಟ್ಟಿಯವಳು ಬಗ್ಗಿ ನೋಡಿ ಕೇಳಿದಳು,
ದೇವರಾ? ಬೂದಿಯಾ?
ಎರಡೂ ಅಲ್ಲ ಅಂದೆ. ನಂಬಲಿಲ್ಲ.

ಕಾಟನ್ ಗ್ರೀನ್ ದಾಟಿ ಗಾಡಿ ವೇಗ ಹಿಡಿದಾಗ
ಕಿಟಕಿಯ ಗಾಳಿ ಮೊಳೆಯ ತೂತಿಗೆ ತಾಗಿ
ಒಳಗೆ ಏನೋ ಸಣ್ಣಗೆ ಗುಂಯ್ಗುಟ್ಟಿತು.
ಅಭ್ಯಾಸಬಲ. ಎತ್ತಿ ಕಿವಿಗೆ ಹಿಡಿದೆ.
ಲೈನು ಬಂದಿದೆ.
ಆ ಕಡೆಯವರು ಮಾತಾಡುತ್ತಿಲ್ಲ.
ಶಿವಡಿ ಬಂತು, ಹೋಯಿತು.
ನಾನೂ ಕಟ್ ಮಾಡಲಿಲ್ಲ.