ಕೋರಾ ಮಣ್ಣು

ಮಿರಜದ ಪ್ರಯೋಗಾಲಯದಲ್ಲಿ ಡಬ್ಬಿಗಳ ಮೇಲೆ
ಮರಾಠಿಯಲ್ಲಿ ಬರೆದಿರುತ್ತದೆ: ಮಾತೀ.
ಮಣ್ಣು ಅಂತ ಗೊತ್ತು. ಆದರೂ ಜತ್ತ ತಾಲೂಕಿನವಳು ನಾನು,
ಮೊದಲು ಕಣ್ಣಿಗೆ ಬೀಳುವುದು ಮಾತು.

ಐದು ಗ್ರಾಂ ಮಾತು ತೂಗುತ್ತೇನೆ.
ನೆರಳಲ್ಲಿ ಒಣಗಿದ್ದು, ಬೇರು ಹರಳು ಆರಿಸಿದ್ದು,
ಎರಡು ಮಿಲಿಮೀಟರ್ ಜರಡಿಯಲ್ಲಿ ಇಳಿದದ್ದು.
ದ್ರಾವಣ ಸುರಿದು ಕುಲುಕಿ
ಗಿರಕಿ ಯಂತ್ರಕ್ಕೆ ಕೊಟ್ಟರೆ ಹತ್ತು ನಿಮಿಷದಲ್ಲಿ
ಮಣ್ಣು ತಳ ಹಿಡಿಯುತ್ತದೆ,
ಹೇಳಬೇಕಾದ್ದು ಮೇಲೆ ತಿಳಿಯಾಗಿ ನಿಲ್ಲುತ್ತದೆ.
ಆಮೇಲೆ ಪರದೆಯ ಮೇಲೊಂದು ಗೆರೆ,
ನಮ್ಮೂರ ಎರೆಹೊಲದಷ್ಟು ಸಪಾಟು,
ಹನ್ನೊಂದನೇ ನಿಮಿಷಕ್ಕೆ ಏಳುವ ಗುಡ್ಡ:
ಕುರಿಗೆ ಕುಡಿಸಿದ ಜಂತಿನ ಔಷಧ.

ಗುಡ್ಡದ ಎತ್ತರ ಹೇಳಲು ಮೊದಲು
ಗುಡ್ಡವೇ ಇಲ್ಲದ ಮಣ್ಣು ಬೇಕು. ಕೋರಾ.
ಅದಕ್ಕೆ ನಾನೇ ಅಳೆದು ಔಷಧ ಬೆರೆಸಿ
ಎಷ್ಟು ಮರಳಿ ಬಂತೆಂದು ನೋಡಬೇಕು.
ನೂರಕ್ಕೆ ಎಂಬತ್ತು ಬಂದರೆ ಶಹಬ್ಬಾಸ್.
ಉಳಿದ ಇಪ್ಪತ್ತನ್ನು ಮಣ್ಣು ಬಾಯಿಬಿಡುವುದಿಲ್ಲ.

ಶಾಲೆ ಬಯಲಿನದು ತಂದೆ: ಗುಡ್ಡ.
ಉಮದಿಯ ದಾಳಿಂಬೆ ತೋಟ: ಲಾರಿಗಟ್ಟಲೆ ಗೊಬ್ಬರ ಉಂಡದ್ದು, ಎರಡು ಗುಡ್ಡ.
ಸುಡುಗಾಡಿನಲ್ಲೂ ದಿಬ್ಬ, ಆಡು ಮೇಯದ ಜಾಗ ಯಾವುದು?
ನಮ್ಮವ್ವನ ಮೆಂತ್ಯದ ಮಡಿಯದನ್ನು ತಂದು
ಫಲಿತಾಂಶ ಅವಳಿಗೆ ಹೇಳಲಿಲ್ಲ.

ಸಂಖದ ಹತ್ತಿರ ಹೊಸ ಬಾವಿ. ನಲವತ್ತಡಿ ಕೆಳಗಿನ ಗರಸು.
ಗೆರೆ ಮಿಸುಕಲಿಲ್ಲ. ಕುಣಿದಾಡಿದೆ.
ಸಾಹೇಬರು ಚಿಮುಟಿಯಲ್ಲಿ ತಿಕ್ಕಿ ನೋಡಿ ನಕ್ಕರು:
ಇದು ಏನನ್ನೂ ಹೊತ್ತದ್ದಲ್ಲ, ಏನನ್ನೂ ಹಿಡಿಯುವುದಿಲ್ಲ,
ಹೊಲದ ಲೆಕ್ಕಕ್ಕೆ ಹೊಲದ್ದೇ ಮಣ್ಣು ಬೇಕು.

ಮತ್ತೆ ಚೀಲ, ಮತ್ತೆ ಕುರ್ಪಿ.
ಅಮೋಗಿ ಕಾಕಾ ಕಂಬಳಿ ಕೊಡವಿ ಕೇಳಿದ,
“ಏನ ಹುಡಕಾಕತ್ತಿ ತಂಗೆವ್ವ?”
“ಔಷಧ ಇಲ್ಲದ ಮಣ್ಣ.”
ಹೋದ ಬ್ಯಾಸಗಿ ಕುರಿ ತರುಬಿದ ಹೊಲಕ್ಕೆ ಕರೆದೊಯ್ದ.
ಹಿಕ್ಕಿ ಹಾಗೇ ಬಿದ್ದಿದ್ದವು,
ದಾರ ಕಿತ್ತ ಸರದ ಕರಿಮಣಿ.
ಕೋಲಿನಿಂದ ಹೊರಳಿಸಿದ. ಕೆಳಗೆ ಯಾರೂ ಇಲ್ಲ.
“ಮೊದಲೆಲ್ಲ ಎರಡ ದಿನಕ್ಕ ಹೆಂಡಿಹುಳ
ಉಳ್ಳಿಸ್ಕೊಂತ ಒಯ್ದು ಹೂಳತಿದ್ದುವು.
ಹುಳ ಸಾಯ್ಲೆಂತ ಕೊಟ್ಟದ್ದಲ್ಲೇನ ಔಷಧ?
ಹೊಟ್ಟ್ಯಾಗಿಂದೋ ಹೊರಗಿಂದೋ,
ಅದಕ್ಕೇನ ತಿಳೀತೈತಿ?
ಕುಡಸದಿದ್ರ ಕುರಿ ಉಳ್ಯಾಂಗಿಲ್ಲ. ಅದೂ ಖರೆ.”
ಸ್ವಲ್ಪ ಹೊತ್ತು ಕೋಲಿನ ತುದಿಯನ್ನೇ ನೋಡಿ,
“ಹುಳ ಎಲ್ಲಿ ಐತಿ, ಅಲ್ಲಿ ಕೆದರು.”

ತಂಟೆ ಬಿದ್ದು ಕೋರ್ಟಿಗೆ ಹೋದ ಹೊಲವೊಂದು,
ಹದಿನಾರು ವರ್ಷದಿಂದ ಜಾಲಿಮುಳ್ಳು, ಒಳಗೆ ದನವಿಲ್ಲ.
ಅಣ್ಣತಮ್ಮಂದಿರ ಜಗಳ ಕಾದಿಟ್ಟ ಮಣ್ಣು.
ಬೇಲಿ ನುಸುಳಿದ ಮೊಲದ ಹಿಕ್ಕಿಯನ್ನು
ಹಿಂಗಾಲಲ್ಲಿ ನೂಕುತ್ತ ಒಂದು ಹುಳ ಅವಸರದಲ್ಲಿತ್ತು.
ಅಲ್ಲೇ ಕೂತೆ. ಎರಡು ಕಿಲೋ ತುಂಬಿದೆ.

ಗೆರೆ ಏಳಲಿಲ್ಲ.
‘ಇಲ್ಲ’ ಎಂದು ಬರೆಯುವಂತಿಲ್ಲ, ನಿಯಮ.
‘ಪತ್ತೆಯಾಗಿಲ್ಲ’ ಎಂದು ಬರೆದೆ,
ಯಂತ್ರಕ್ಕೆ ಕಾಣುವ ಕೊನೆಯ ಅಂಕಿ ಪಕ್ಕದಲ್ಲಿಟ್ಟು.

ಇನ್ನು ಔಷಧ ಬೆರೆಸಬೇಕು.
ಪಿಪೆಟ್ಟಿನ ತುದಿಯಲ್ಲಿ ಹನಿ ತೂಗುತ್ತಿದೆ, ಸಣ್ಣದು,
ಕೈ ಒಂದಿಷ್ಟು ತಡೆಯಿತು, ಆಮೇಲೆ ಬಿಟ್ಟಿತು.

ಜರಡಿ ಮೇಲೆ ಉಳಿದದ್ದನ್ನು ಬರೆಯಲೊಂದು ಅಂಕಣವಿದೆ:
ಕಲ್ಲು, ಬೇರು, ಇತರೆ.
ಇತರೆ ಕಾಲು ಮಡಚಿ ಸತ್ತಂತೆ ನಟಿಸುತ್ತಿತ್ತು.
ಶನಿವಾರದ ಜತ್ತ ಬಸ್ಸಿನ ತನಕ
ಬೆಂಕಿಪೆಟ್ಟಿಗೆಯಲ್ಲಿ, ನನ್ನ ಮೇಜಿನ ಮೇಲೆ,
ರಟ್ಟು ಕೆರೆಯುತ್ತಿದೆ.