ಎಳಿ ಹರದಾಗ

ಮೊದಲನೇದ್ದು ಸುಟ್ಟಿತು.
ಅದನ್ನ ಮೊದಲ ಹೇಳಿಬಿಡತೇನಿ.

ಉಗುರಿನಷ್ಟ ಅಭ್ರಕದ ಬಿಲ್ಲೆ, ಒಂದ ಮೂಲಿಗೆ ಸೀಳಿತ್ತು,
ನಾ ನೋಡಲಿಲ್ಲ.
ಸ್ವಿಚ್ ಒತ್ತಿದ್ದ ತಡ
ಮಹಾನಿಂಗನ ಟೇಲರಿಂಗ್ ಅಂಗಡಿಯಿಂದ ಕಡಾ ತಂದ ಸ್ಪೀಕರು
ನಾಲಿಗಿ ಹೊರಗ ಚಾಚಿ ಹಂಗ ನಿಂತಬಿಟ್ಟಿತು.
ಹಾಡಲಿಲ್ಲ, ಒದರಲಿಲ್ಲ,
ನಡುವಿನ ಬೊಟ್ಟಿನ ಸುತ್ತ ಸಣ್ಣ ಹೊಗಿ.
ಸುಟ್ಟ ವಾರ್ನಿಶಿನ ವಾಸನಿ
ಮೂರ ದಿನ ನನ್ನ ಹಾಸಿಗ್ಯಾಗ ಮಲಗಿತ್ತು.

ಮಹಾನಿಂಗ ಬೈಲಿಲ್ಲ.
ಜಂಪರಿನ ಗಂಟ ಮುಂದ ಒಗದ:
"ಹುಕ್ಕ ಹಚ್ಚು. ಇನ್ನೂರಾ ನಲವತ್ತ ಜಂಪರಿಗೆ ಸ್ಪೀಕರು ಚುಕ್ತಾ."
ಹಗಲೆಲ್ಲ ಶೆಡ್ಡಿನ್ಯಾಗ ಕಂಡಿಕಿ ಸುತ್ತೂದು,
ಸಂಜಿಕ ಹುಕ್ಕ,
ರಾತ್ರಿ ಸೋಲ್ಡರು.
ಹತ್ತ ಬೆರಳಿಗೆ ಮೂರ ನಮೂನಿ ಗಾಯ.

ಬನಹಟ್ಟಿ, ಮಂಗಳವಾರ ಪೇಟಿ.
ಗೋಡಿ ಆಚಿಕ ಹದಿನಾರ ಮಗ್ಗ,
ಈಚಿಕ ದಾವಲಸಾಬ ಮುಲ್ಲಾನ ರೇಡಿಯೋ ಅಂಗಡಿ.
ಇಪ್ಪತ್ತ ವರ್ಷ ನೇದಾಂವ.
ಎಡಗಿವಿ ಪೂರಾ ಮಗ್ಗಕ್ಕ ಕೊಟ್ಟ, ಬಲಗಿವಿ ಅರ್ಧ,
ಆಮ್ಯಾಲೆ ರೇಡಿಯೋ ರಿಪೇರಿ ಹಿಡದ.
ಕೇಳಿದರ ನಗತಾನ:
"ಅಂಗೈಲೆ ಕೇಳತೇನಿ, ತಂಗಿ. ಕಿವಿ ಸುಳ್ಳ ಹೇಳತೈತಿ."

ಸುಟ್ಟ ಸ್ಪೀಕರು ತಿರಿವಿ ನೋಡಿ ಒಂದ ಕೇಳಿದ:
"ಹೊಕ್ಕಿನ ಎಳಿ ಹರದರ ನಿಮ್ಮ ಮಗ್ಗ ಏನ ಮಾಡತೈತಿ?"
"ನಿಲ್ಲತೈತಿ."
"ಯಾರ ನಿಲ್ಲಸತಾರ?"
"ಯಾರೂ ಇಲ್ಲ. ಫೋರ್ಕ ಎಳಿ ಮುಟ್ಟಿ ನೋಡತೈತಿ,
ಸಿಗಲಿಲ್ಲಂದರ..."
ಅಷ್ಟ ಹೇಳೂದರಾಗ ನನಗ ತಿಳೀತು.
ಆಂವ ಬೀಡಿ ಹಚ್ಚಿದ.

ಹಂಗಾಗಿ ಈ ಸಲ ಕಾವಲು ಇಟ್ಟೆ:
ಎರಡ ಸಣ್ಣ ಟ್ರಾನ್ಸಿಸ್ಟರು, ಒಂದ ಕೆಪಾಸಿಟರು,
ಹಳೇ ಸ್ಟೆಬಿಲೈಸರಿನ ಹೊಟ್ಟಿ ಸೀಳಿ ತಗದ
ಬೆಂಕಿಪೆಟ್ಟಿಗಿಯಷ್ಟ ರಿಲೇ.
ಸ್ಪೀಕರಿನ ಬಾಗಲದಾಗ ಕುಂತೈತಿ.
ಕರೆಂಟ ಬಂತಂತ ಓಡಿಹೋಗಿ ಅಗಳಿ ತಗಿಯೂದಿಲ್ಲ.
ಮೂರ ಎಣಸತೈತಿ, ಒಳಗಿನ ಗದ್ದಲ ಅಡಗಲಿ ಅಂತ.
ಅಡಗಿದರ, ಟಕ್.
ಇಲ್ಲಂದರ ಇಲ್ಲ.

ರಾತ್ರಿ ಹನ್ನೊಂದಕ್ಕ ಪಾಳಿ ಬಿಟ್ಟಿತು.
ಮಗ್ಗ ನಿಂತ ಓಣಿಯೊಳಗ
ವೋಲ್ಟೇಜು ಸೊಕ್ಕಿ ಇನ್ನೂರಾ ಐವತ್ತಕ್ಕ ಏರಿತ್ತು.
ಸಿರೀಜಿಗೆ ನೂರ ವ್ಯಾಟಿನ ಬಲ್ಬು ಕಟ್ಟಿದೆ.
ಬೆಳ್ಳಗ ಉರದರ ಎಲ್ಲೋ ಶಾರ್ಟು,
ಒಮ್ಮೆ ಮಿಂಚಿ ತಣ್ಣಗಾದರ ಬದುಕು.

ಬಲ್ಬು ಹತ್ತಿತು.
ನಾ ಕಣ್ಣ ಮುಚ್ಚಿದೆ.
"ಕೆಂಪಾತು," ಅಂದ ದಾವಲಸಾಬ.
"ಎಷ್ಟ?"
"ಆರೂ ಬೀಡಿಯಷ್ಟ."
ಮೀಟರಿನ್ಯಾಗ ಹದಿನಾಕ ಮಿಲಿವೋಲ್ಟು, ಅಲುಗಾಡವಲ್ದು.

"ಇನ್ನ ಎಳಿ ಹರಿ."
"ಯಾಕ, ಛಲೋ ಐತೆಲ್ಲ?"
"ಛಲೋ ಇದ್ದಾಗ ಕಾವಲುಗಾರಾ ನಿದ್ದಿ ಹೊಡದರೂ ತಿಳಿಯೂದಿಲ್ಲ."
ಬ್ಯಾಟರಿಯ ಎರಡ ಶೆಲ್ಲ ಬೆನ್ನಿಗೆ ಬೆನ್ನ ಹಚ್ಚದ, ಸಾಲಾಗಿ ಜೋಡಿಸಿ
ಕಾವಲಿನ ಮೂಗಿಗೆ ಹಿಡದೆ.
ಟಕ್. ಬಾಗಲ ಬಿತ್ತು.
ತಗದೆ. ಒಂದ, ಎರಡ, ಮೂರ, ಟಕ್.
ಹನ್ನೊಂದ ಸಲ ಮಾಡಿದೆ.
ಅಷ್ಟ ಬೇಕಾಗಿರಲಿಲ್ಲ.

ಸುಟ್ಟದ್ದರ ಜೋಡಿ ಸ್ಪೀಕರು ಮಹಾನಿಂಗನ ಹೊತಗೊಂಡ ಬಂದ,
ಎಪ್ಪತ್ತ ಜಂಪರ ಇನ್ನೂ ಬಾಕಿ ಅಂತ ನೆನಪ ಮಾಡಿ
ಹೊಸ್ತಿಲ ಹೊರಗ ನಿಂತ.
ಇನ್‌ಪುಟ್ಟಿನ ವಾಯರಿಗೆ ಬೆರಳ ಮುಟ್ಟಿಸಿದೆ.
ಗುಂಯ್ ಅಂತು.
ಅದು ನನ್ನ ಮೈಯೊಳಗಿನ ದನಿ ಅಂತ.
ಬೆರಳ ತಗದರೂ ಹಿಂದ ಒಂದ ಸಣ್ಣ ಗುಂಯ್ ಉಳೀತು.
ಕೋನಿನ ಮ್ಯಾಲ ಅಂಗೈ ಇಟ್ಟ ದಾವಲಸಾಬ,
"ಅರ್ಥ ಸರಿ ಇಲ್ಲ ನಿಂದು," ಅಂದ.
"ಆಕಿದು ಯಾವಾಗ ಸರಿ ಇತ್ತು?" ಅಂತ ಹೊರಗಿನಿಂದ ಮಹಾನಿಂಗ.

ಅರ್ಥಿನ ವಾಯರು ಬಿಚ್ಚಿ, ಒಂದ ಕಡೆ ಅಷ್ಟ ಬೆಸದೆ.
ಗುಂಯ್ ಹೋತು.
ಎಷ್ಟ ಹೋತಂದರ
ಮಹಾನಿಂಗನ ಗೋಡಿಗಡಿಯಾರ ಓಣಿ ದಾಟಿ ಕೇಳಸಾಕತ್ತಿತು.

ದಾವಲಸಾಬನ ಕೈ ಇನ್ನೂ ಕೋನಿನ ಮ್ಯಾಲ ಇತ್ತು.
ಬಲ್ಬು ನೋಡಿದ, ನನ್ನ ನೋಡಿದ.
"ಬಂದ ಆತೇನ?"
ಹೇಳಿದರ ಕೇಳೂದಿಲ್ಲ.
ಮತ್ತ ವಾಯರಿಗೆ ಬೆರಳ ಮುಟ್ಟಿಸಿದೆ,
ಬಾಳ ಹಗರಕ.

"ಐತಿ," ಅಂದ.